ಬಂಡೆಯ ವಯಸ್ಸು ಕಲಿಸುವ ಫೆಟ್ ಸಿಮ್ಯುಲೇಶನ್: ‘ರೇಡಿಯೋಆಕ್ಟಿವ್ ಡೇಟಿಂಗ್ ಗೇಮ್’ ಕುರಿತು ಒಂದು ವಿಮರ್ಶೆ

ಅರ್ಧಾಯುವಿನ (ವಿಕಿರಣಶೀಲ ಧಾತುವೊಂದರ ಅರ್ಧದಷ್ಟು ಪರಮಾಣುಗಳು ಒಡೆಯಲು ಬೇಕಾಗುವ ಕಾಲದ) ಸೂತ್ರವನ್ನು ಬಾಯಿಪಾಠ ಮಾಡಿಸುವುದು ಕಷ್ಟದ ಕೆಲಸವಲ್ಲ. ಇಂಗಾಲ-14ರ ಅರ್ಧಾಯು 5,730 ವರ್ಷ ಎಂದು ತಿಳಿಸಿ, ಅದರ ಕಾಲು ಭಾಗ ಮಾತ್ರ ಉಳಿದಿರುವ ಮರದ ತುಂಡಿನ ವಯಸ್ಸೆಷ್ಟು ಎಂದು ಕೇಳಿದರೆ ಹೆಚ್ಚಿನ ವಿದ್ಯಾರ್ಥಿಗಳು 11,460 ಎಂದು ಸರಿಯಾಗಿಯೇ ಬರೆಯುತ್ತಾರೆ. ಅವರನ್ನೇ ‘ಅರ್ಧ ಮುಗಿಯಲು 5,730 ವರ್ಷ ಬೇಕಾದರೆ ಪೂರ್ತಿ ಮುಗಿಯಲು ಅದರ ಎರಡರಷ್ಟು ಸಾಕಲ್ಲವೇ?’ ಎಂದೋ, ‘ಈ ಕಲ್ಲಿನಲ್ಲಿ ಮೊದಲು ಎಷ್ಟು ಯುರೇನಿಯಂ ಇತ್ತೆಂಬುದು ನಮಗೆ ಹೇಗೆ ಗೊತ್ತಾಯಿತು?’ ಎಂದೋ ಕೇಳಿದಾಗ ಉತ್ತರ ತಡವರಿಸುತ್ತದೆ. ಮೊದಲನೆಯ ಪ್ರಶ್ನೆಗೆ ನಾನು ಕಂಡ ಬೋಧನ ಸಾಮಗ್ರಿಗಳಲ್ಲೆಲ್ಲ ಅತ್ಯಂತ ಸ್ಪಷ್ಟವಾದ ಉತ್ತರವನ್ನು ಕಣ್ಣೆದುರಿಗೇ ತೋರಿಸುವ, ಎರಡನೆಯದನ್ನು ಮಾತ್ರ ಕೇಳಲು ಅವಕಾಶವನ್ನೇ ಕೊಡದ ಒಂದು ಉಚಿತ ಸಿಮ್ಯುಲೇಶನ್ ಈ ವಿಮರ್ಶೆಯ ವಸ್ತು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಬೌಲ್ಡರ್ ಆವರಣದಲ್ಲಿರುವ ಫೆಟ್ ಯೋಜನೆಯವರು ರೂಪಿಸಿದ ಅದರ ಹೆಸರು ‘ರೇಡಿಯೋಆಕ್ಟಿವ್ ಡೇಟಿಂಗ್ ಗೇಮ್’.

ಫೆಟ್ ಯೋಜನೆಯನ್ನು 2002ರಲ್ಲಿ ಆರಂಭಿಸಿದವರು ಭೌತವಿಜ್ಞಾನಿ ಕಾರ್ಲ್ ವೀಮನ್. ಅದಕ್ಕೆ ಹಿಂದಿನ ವರ್ಷವಷ್ಟೇ ಅವರು ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡಿದ್ದರು. ವಿಜ್ಞಾನ, ಗಣಿತಗಳ ಪರಿಕಲ್ಪನೆಗಳನ್ನು ವಿದ್ಯಾರ್ಥಿಯು ತಾನೇ ಕೈಯಾಡಿಸಿ ನೋಡುವಂತೆ ಮಾಡುವುದು ಯೋಜನೆಯ ಉದ್ದೇಶ. ಅದರ ಸಿಮ್ಯುಲೇಶನ್‌ಗಳನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ನಾನು ಇಲ್ಲಿ ಚರ್ಚಿಸುತ್ತಿರುವುದು ಮೂಲತಃ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ರಚಿತವಾದ, ಫೆಟ್‌ನ ಹಳೆಯ ತಲೆಮಾರಿಗೆ ಸೇರಿದ ಸಿಮ್ಯುಲೇಶನ್. ಆದ್ದರಿಂದ ಇದು ಮೊಬೈಲ್ ಪರದೆಗಿಂತ ಮೇಜಿನ ಮೇಲಿನ ಕಂಪ್ಯೂಟರಿಗೆ ಹೊಂದುತ್ತದೆ. ಶಾಲೆಯ ಗಣಕ ಕೊಠಡಿಯಲ್ಲಿ ಬಳಸುವವರು ಮೊದಲೇ ಒಮ್ಮೆ ತೆರೆದು, ಅಲ್ಲಿನ ಯಂತ್ರಗಳಲ್ಲಿ ಅದು ಓಡುತ್ತದೆಯೇ ಎಂದು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ತಾಂತ್ರಿಕ ವಿಷಯದಲ್ಲಿ ಇಷ್ಟು ಹೇಳಿದರೆ ಸಾಕು.

ಇದರಲ್ಲಿ ನಾಲ್ಕು ಭಾಗಗಳಿವೆ. ಮೊದಲನೆಯದು ಅರ್ಧಾಯುವಿನದು, ಎರಡನೆಯದು ಕ್ಷಯದ, ಅಂದರೆ ಪರಮಾಣುಗಳು ಒಡೆಯುವ, ದರದ್ದು, ಮೂರನೆಯದು ಅಳತೆಯದು, ಕೊನೆಯದು ಹೆಸರಿಗೆ ತಕ್ಕಂತೆ ಆಟದ್ದು. ಮೊದಲ ಭಾಗದಲ್ಲಿ ಪರಮಾಣುಗಳ ಬುಟ್ಟಿಯೊಂದಿದೆ. ಇಂಗಾಲ-14 ಅಥವಾ ಯುರೇನಿಯಂ-238 ಅನ್ನು ಆರಿಸಿಕೊಂಡು, ಬುಟ್ಟಿಯಿಂದ ಒಂದೊಂದೇ ಪರಮಾಣುವನ್ನು ಎಳೆದು ಹೊರಗಿಟ್ಟು, ಅದು ಯಾವಾಗ ಒಡೆಯುತ್ತದೆಂದು ಕಾಯಬೇಕು. ಮೇಲಿನ ಕಾಲರೇಖೆಯಲ್ಲಿ ಅರ್ಧಾಯುವಿನ ಜಾಗಕ್ಕೆ ಒಂದು ಗೆರೆ ಎಳೆದಿರುತ್ತದೆ. ಒಂದು ಪರಮಾಣು ಆ ಗೆರೆಯನ್ನು ಮುಟ್ಟುವ ಬಹಳ ಮೊದಲೇ ಒಡೆದುಬಿಡುತ್ತದೆ. ಇನ್ನೊಂದು ಗೆರೆ ದಾಟಿ ಎಷ್ಟೋ ದೂರ ಸಾಗುತ್ತದೆ. ಮತ್ತೊಂದು ಕಾಲರೇಖೆಯ ಕೊನೆಯವರೆಗೂ ಹಾಗೇ ಉಳಿಯುತ್ತದೆ. ಒಂದೇ ಪರಮಾಣುವಿನ ವಿಷಯದಲ್ಲಿ ಅರ್ಧಾಯುವಿನ ಗೆರೆಗೆ ಯಾವ ಅರ್ಥವೂ ಇಲ್ಲವೆಂಬುದು ವಿದ್ಯಾರ್ಥಿಗೆ ಹೀಗೆ ಮನದಟ್ಟಾಗುತ್ತದೆ. ಬಳಿಕ ಹತ್ತು, ಇಪ್ಪತ್ತು, ನೂರು ಪರಮಾಣುಗಳನ್ನು ಒಟ್ಟಿಗೆ ಹಾಕಿದಾಗ ಅದೇ ಗೆರೆಯ ಬಳಿ ಸುಮಾರು ಅರ್ಧದಷ್ಟು ಒಡೆದಿರುತ್ತವೆ. ಸಂಖ್ಯೆ ಹೆಚ್ಚಿದಷ್ಟೂ ಆ ‘ಸುಮಾರು’ ಕಿರಿದಾಗುತ್ತಾ ಹೋಗುತ್ತದೆ.

ಇದು ಚಿಕ್ಕ ಸಾಧನೆಯಲ್ಲ. ವಿಜ್ಞಾನಿಗಳಾದ ರುದರ್‌ಫೋರ್ಡ್ ಮತ್ತು ಸಾಡಿ 1902ರ ಹೊತ್ತಿಗೆ ವಿಕಿರಣಶೀಲತೆಯೆಂದರೆ ಒಂದು ಧಾತು ಇನ್ನೊಂದಾಗಿ ಮಾರ್ಪಡುವ ಕ್ರಿಯೆ ಎಂದು ಸಾರಿದಾಗ ಜನರಿಗೆ ಜೀರ್ಣವಾಗದೆ ಹೋದದ್ದು ಆ ಮಾರ್ಪಾಡು ಮಾತ್ರವಲ್ಲ. ಯಾವ ಪರಮಾಣು ಯಾವ ಗಳಿಗೆಯಲ್ಲಿ ಒಡೆಯುತ್ತದೆಂದು ಹೇಳಲು ಸಾಧ್ಯವೇ ಇಲ್ಲದಿದ್ದರೂ ಅವುಗಳ ಸಮೂಹದ ನಡೆಯನ್ನು ಕರಾರುವಾಕ್ಕಾಗಿ ಹೇಳಬಹುದೆಂಬುದೂ ಅಷ್ಟೇ ವಿಚಿತ್ರವಾಗಿತ್ತು. ಪರಮಾಣುವಿಗೆ ಮುಪ್ಪಿಲ್ಲ. ಹತ್ತು ಸಾವಿರ ವರ್ಷ ಉಳಿದುಕೊಂಡ ಇಂಗಾಲ-14ರ ಪರಮಾಣುವೂ ನಿನ್ನೆ ವಾತಾವರಣದ ಮೇಲ್ಪದರದಲ್ಲಿ ಹುಟ್ಟಿದ ಪರಮಾಣುವೂ ಮುಂದಿನ 5,730 ವರ್ಷಗಳಲ್ಲಿ ಒಡೆಯುವ ಸಂಭವ ಸರಿಸಮ, ಅಂದರೆ ಅರ್ಧಕ್ಕರ್ಧ. ಎರಡನೆಯ ಅರ್ಧಾಯುವಿನಲ್ಲಿ ಉಳಿದದ್ದರ ಅರ್ಧ, ಮೂರನೆಯದರಲ್ಲಿ ಅದರ ಅರ್ಧ ಎಂದು ಇಳಿಕೆ ಸಾಗುವುದಕ್ಕೆ ಕಾರಣ ಇದೇ ಹೊರತು ಬೇರೇನೂ ಇಲ್ಲ. ಇಷ್ಟನ್ನು ಪಠ್ಯಪುಸ್ತಕದ ವಕ್ರರೇಖೆಯೊಂದು ಹೇಳುತ್ತದಾದರೂ ತೋರಿಸುವುದಿಲ್ಲ. ಈ ಸಿಮ್ಯುಲೇಶನ್ ಒಂದೊಂದು ಪರಮಾಣುವಿನ ಮಟ್ಟದಿಂದ ಹೊರಟು ವಕ್ರರೇಖೆಯ ತನಕ ಕರೆದೊಯ್ಯುತ್ತದೆ. ಎರಡನೆಯ ಭಾಗದಲ್ಲಿ ಬುಟ್ಟಿಯ ತುಂಬ ಪರಮಾಣುಗಳನ್ನು ಒಮ್ಮೆಗೇ ಸುರಿದಾಗ ಕೆಳಗೆ ಆ ವಕ್ರರೇಖೆ ತಾನಾಗಿ ಬರೆದುಕೊಳ್ಳುತ್ತಾ ಬರುವುದನ್ನು ನೋಡುವುದು ನಿಜಕ್ಕೂ ಸಂತೋಷದ ಸಂಗತಿ. ಕಡಿಮೆ ಪರಮಾಣುಗಳಿದ್ದಾಗ ಅದು ಅಂಕುಡೊಂಕಾಗಿ ಇಳಿಯುತ್ತದೆ. ಹೆಚ್ಚಿದ್ದಾಗ ನಯವಾಗುತ್ತದೆ. ಆ ಅಂಕುಡೊಂಕನ್ನು ಮುಚ್ಚಿಡದೆ ಬಿಟ್ಟಿರುವುದಕ್ಕಾಗಿ ರೂಪಿಸಿದವರನ್ನು ಮೆಚ್ಚಬೇಕು.

ಕಂಪ್ಯೂಟರ್ ಇಲ್ಲದ ಶಾಲೆಗಳಲ್ಲಿ ಈ ಎರಡು ಭಾಗಗಳಿಗೆ ಬದಲಿಯಾಗಿ, ಚೌಕಾಬಾರಕ್ಕೆ ಮಾಡಿಕೊಳ್ಳುವಂತೆ ಒಂದು ಬದಿಯನ್ನು ತೇಯ್ದು ಬೆಳ್ಳಗಾಗಿಸಿದ ಹುಣಸೆ ಬೀಜಗಳನ್ನು ಬಳಸಬಹುದು. ನೂರು ಬೀಜಗಳನ್ನು ಎಸೆದು, ಬಿಳಿಯ ಬದಿ ಮೇಲಾಗಿ ಬಿದ್ದವುಗಳನ್ನು ತೆಗೆದಿಟ್ಟು, ಉಳಿದವನ್ನು ಮತ್ತೆ ಎಸೆಯುತ್ತಾ ಪ್ರತಿ ಸಲದ ಎಣಿಕೆಯನ್ನು ನಕ್ಷೆಗಿಳಿಸಿದರೆ ಅದೇ ಆಕಾರ ಮೂಡುತ್ತದೆ. ಬೀಜದ ಎರಡೂ ಬದಿ ಸಮವಾಗಿ ಬೀಳುವುದಿಲ್ಲವೆಂದು ಚಿಂತಿಸಬೇಕಾಗಿಲ್ಲ. ಬಿಳಿ ಬೀಳುವ ಸಂಭವ ನೂರಕ್ಕೆ 40 ಇದ್ದರೆ ಅರ್ಧಾಯು ಒಂದು ಎಸೆತಕ್ಕಿಂತ ತುಸು ಹೆಚ್ಚಾಗುತ್ತದೆ, ಅಷ್ಟೇ. ಸಂಭವವು ಎಸೆತದಿಂದ ಎಸೆತಕ್ಕೆ ಬದಲಾಗದಿರುವುದು ಮುಖ್ಯ. ಆದರೆ ಬೀಜಗಳು ತೋರಿಸಲಾಗದ, ಸಿಮ್ಯುಲೇಶನ್ ಮಾತ್ರ ತೋರಿಸಬಲ್ಲ ಸಂಗತಿ ಮೂರನೆಯ ಭಾಗದಲ್ಲಿದೆ.

ಭೂವಿಜ್ಞಾನದ ದೃಷ್ಟಿಯಿಂದ ನೋಡಿದರೆ ಇಡೀ ಸಿಮ್ಯುಲೇಶನ್‌ನಲ್ಲಿ ಅತ್ಯಂತ ಬೆಲೆಯುಳ್ಳದ್ದು ಈ ಮೂರನೆಯ ಭಾಗವೇ. ಆಟದ ಆಕರ್ಷಣೆಗೆ ಸಿಕ್ಕಿ ಹೆಚ್ಚಿನವರು ಇದನ್ನು ಬೇಗ ದಾಟಿ ಹೋಗುತ್ತಾರೆಂಬುದು ಬೇಸರದ ಮಾತು. ಇಲ್ಲಿ ಎರಡು ಆಯ್ಕೆಗಳಿವೆ: ಮರವೊಂದನ್ನು ನೆಡಬಹುದು, ಇಲ್ಲವೇ ಜ್ವಾಲಾಮುಖಿಯನ್ನು ಸಿಡಿಸಬಹುದು. ಮರ ಬೆಳೆಯುತ್ತಿರುವಷ್ಟು ಕಾಲ ಇಂಗಾಲ-14ರ ಪ್ರಮಾಣ ನೂರಕ್ಕೆ ನೂರಾಗಿಯೇ ನಿಂತಿರುತ್ತದೆ. ಮರವನ್ನು ಸಾಯಿಸುವ ಗುಂಡಿಯನ್ನು ಒತ್ತಿದ ಕ್ಷಣದಿಂದ ಅದು ಇಳಿಯಲು ತೊಡಗುತ್ತದೆ. ಜ್ವಾಲಾಮುಖಿಯಿಂದ ಚಿಮ್ಮಿ ಬಂದ ಬಂಡೆಯೂ ಹಾಗೆಯೇ. ಅದು ಕರಗಿದ ಸ್ಥಿತಿಯಲ್ಲಿದ್ದಾಗ ಯುರೇನಿಯಂ-238ರ ರೇಖೆ ಅಲುಗುವುದಿಲ್ಲ. ಬಂಡೆಯನ್ನು ತಣಿಸುವ ಗುಂಡಿಯನ್ನು ಒತ್ತಿದ ಮೇಲೆ ಮಾತ್ರ ಎಣಿಕೆ ಆರಂಭವಾಗುತ್ತದೆ.

ಈ ಎರಡು ಗುಂಡಿಗಳಲ್ಲಿ ಕಾಲಮಾಪನ ಶಾಸ್ತ್ರದ ತಿರುಳಿದೆ. ಕ್ಷಯವೇನೋ ಎಂದೂ ನಿಲ್ಲುವುದಿಲ್ಲ. ಬದುಕಿರುವ ಮರದಲ್ಲೂ ಇಂಗಾಲ-14 ಒಡೆಯುತ್ತಲೇ ಇರುತ್ತದೆ, ಕುದಿಯುವ ಶಿಲಾಪಾಕದಲ್ಲೂ ಯುರೇನಿಯಂ ಒಡೆಯುತ್ತಲೇ ಇರುತ್ತದೆ. ಆದರೆ ಮರವು ಗಾಳಿಯಿಂದ ಹೊಸ ಇಂಗಾಲವನ್ನು ಪಡೆಯುತ್ತಿರುವಷ್ಟು ದಿನ ನಷ್ಟ ತುಂಬಿಕೊಳ್ಳುತ್ತದೆ. ಶಿಲಾಪಾಕ ದ್ರವವಾಗಿರುವಷ್ಟು ಕಾಲ ಯುರೇನಿಯಂನಿಂದ ಹುಟ್ಟಿದ ಸೀಸ ಅದರೊಂದಿಗೇ ಒಂದೆಡೆ ನಿಲ್ಲದೆ ಬೆರೆತು ಹೋಗುತ್ತದೆ. ಹರಳುಗಳು ಗಟ್ಟಿಯಾಗಿ, ಒಡೆಯುವ ತಾಯಿ ಧಾತುವೂ ಅದರಿಂದ ಹುಟ್ಟುವ ಮರಿ ಧಾತುವೂ ಒಂದೇ ಹರಳಿನೊಳಗೆ ಸೆರೆಯಾಗಿ, ಹೊರಗಿನಿಂದ ಏನೂ ಬಾರದೆ ಒಳಗಿನಿಂದ ಏನೂ ಹೋಗದೆ ಇರುವ ಸ್ಥಿತಿ ಬಂದಾಗಲಷ್ಟೇ ಎಣಿಸಲು ಅರ್ಥವಿರುವ ಗಡಿಯಾರ ಸಿಗುತ್ತದೆ. ‘ಈ ಬಂಡೆ ಇಷ್ಟು ವರ್ಷ ಹಳೆಯದು’ ಎಂದು ಭೂವಿಜ್ಞಾನಿ ಹೇಳಿದಾಗ ಅದರರ್ಥ ಈ ಬಂಡೆಯ ಪರಮಾಣುಗಳು ಅಷ್ಟು ಹಳೆಯವು ಎಂದಲ್ಲ. ಈ ಹರಳಿನ ಬಾಗಿಲು ಮುಚ್ಚಿ ಅಷ್ಟು ವರ್ಷಗಳಾದವು ಎಂದು. ವಿದ್ಯಾರ್ಥಿ ತಾನೇ ತಣಿಸುವ ಗುಂಡಿಯನ್ನು ಒತ್ತಿ ಇದನ್ನು ಕಂಡುಕೊಂಡರೆ ಮುಂದಿನ ಪಾಠಗಳಲ್ಲಿ ಅರ್ಧ ಕೆಲಸ ಮುಗಿದಂತೆ. ಶಿಕ್ಷಕರು ಇಲ್ಲಿ ಆತುರಪಡದೆ, ತಣಿಸುವುದನ್ನು ಬೇಕೆಂದೇ ತಡಮಾಡಿ, ‘ಈಗ ಬಂಡೆಯ ವಯಸ್ಸೆಷ್ಟು?’ ಎಂದು ಕೇಳಬೇಕು.

ಇಷ್ಟು ಸೊಗಸಾದ ಭಾಗದ ಒಳಗೇ ಈ ಸಾಧನದ ದೊಡ್ಡ ಕೊರತೆಯೂ ಅಡಗಿದೆ. ಪರದೆಯ ಮೇಲಿನ ಅಳತೆಯ ಉಪಕರಣವನ್ನು ಬಂಡೆಗೆ ತಾಗಿಸಿದೊಡನೆ ಅದು ‘ಮೊದಲಿದ್ದ ಯುರೇನಿಯಂನ ಶೇಕಡಾ ಇಷ್ಟು ಉಳಿದಿದೆ’ ಎಂದು ತೋರಿಸಿಬಿಡುತ್ತದೆ. ಲೋಕದಲ್ಲಿ ಅಂಥ ಉಪಕರಣವಿಲ್ಲ. ಬಂಡೆಯಲ್ಲಿ ಇವತ್ತು ಎಷ್ಟು ಯುರೇನಿಯಂ ಇದೆಯೆಂದು ಅಳೆಯಬಹುದೇ ಹೊರತು, ಮೊದಲೆಷ್ಟಿತ್ತೆಂಬುದು ಅದರ ಮೇಲೆ ಎಲ್ಲಿಯೂ ಬರೆದಿರುವುದಿಲ್ಲ. ಅದನ್ನು ಕಂಡುಹಿಡಿಯುವ ದಾರಿ ಒಂದೇ: ಒಡೆದ ಯುರೇನಿಯಂ ಏನಾಯಿತೋ ಅದನ್ನೂ ಎಣಿಸುವುದು. ಯುರೇನಿಯಂ-238 ಎಂಟು ಆಲ್ಫಾ ಮತ್ತು ಆರು ಬೀಟಾ ಕ್ಷಯಗಳ ಸರಣಿಯನ್ನು ದಾಟಿ ಕೊನೆಗೆ ಸೀಸ-206 ಆಗುತ್ತದೆ. ಹರಳಿನಲ್ಲಿರುವ ಸೀಸ-206 ಪೂರ್ತಿಯಾಗಿ ಹೀಗೆಯೇ ಹುಟ್ಟಿದ್ದಾದರೆ, ಇಂದಿನ ಯುರೇನಿಯಂ ಮತ್ತು ಇಂದಿನ ಸೀಸ ಎರಡನ್ನೂ ಕೂಡಿಸಿದಾಗ ಮೊದಲಿದ್ದ ಯುರೇನಿಯಂನ ಪರಮಾಣು ಸಂಖ್ಯೆ ಸಿಗುತ್ತದೆ. ಅಮೆರಿಕದ ರಸಾಯನವಿಜ್ಞಾನಿ ಬೋಲ್ಟ್‌ವುಡ್ 1907ರಲ್ಲಿ ಖನಿಜಗಳಲ್ಲಿನ ಸೀಸ-ಯುರೇನಿಯಂ ಅನುಪಾತವನ್ನು ಅವುಗಳ ವಯಸ್ಸಿಗೆ ಜೋಡಿಸಿದಾಗ ನಡೆದದ್ದು ಇದೇ. ಆಗಿನ್ನೂ ಸಮಸ್ಥಾನಿಗಳ, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ, ಅರಿವಿರಲಿಲ್ಲ, ಕ್ಷಯದ ದರವೂ ನಿಖರವಾಗಿ ಗೊತ್ತಿರಲಿಲ್ಲ. ಹೀಗಾಗಿ ಅವರ ಅಂಕಿಗಳು ಇಂದು ನಿಲ್ಲುವುದಿಲ್ಲ. ತರ್ಕ ಮಾತ್ರ ಇಂದಿಗೂ ಅದೇ.

ಸಿಮ್ಯುಲೇಶನ್‌ನ ಮೊದಲ ಭಾಗಗಳಲ್ಲಿ ಮರಿ ಧಾತು ಕಾಣಿಸುತ್ತದೆ: ಎಷ್ಟು ಯುರೇನಿಯಂ, ಎಷ್ಟು ಸೀಸ ಎಂಬ ಲೆಕ್ಕ ಪಕ್ಕದ ವೃತ್ತನಕ್ಷೆಯಲ್ಲಿ ಬರುತ್ತದೆ. ಅಳತೆಯ ಹಂತಕ್ಕೆ ಬಂದಾಗ, ಅಂದರೆ ಅದು ನಿಜವಾಗಿ ಬೇಕಾದಲ್ಲಿ, ಅದು ಮರೆಗೆ ಸರಿಯುತ್ತದೆ. ಇದರ ಪರಿಣಾಮವಾಗಿ ವಿದ್ಯಾರ್ಥಿಗಳಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರುವ ಅಪಾಯವಿದೆ. ಡೈನೋಸಾರ್‌ಗಳು ಅಳಿದ ಕಾಲ ಸುಮಾರು 6.6 ಕೋಟಿ ವರ್ಷಗಳ ಹಿಂದಿನದು. ಯುರೇನಿಯಂ-238ರ ಅರ್ಧಾಯು ಸುಮಾರು 447 ಕೋಟಿ ವರ್ಷ. ಅಷ್ಟು ಕಾಲದಲ್ಲಿ ಅದರ ಶೇಕಡಾ ಒಂದರಷ್ಟು ಮಾತ್ರ ಒಡೆದಿರುತ್ತದೆ, 99ರಷ್ಟು ಹಾಗೇ ಉಳಿದಿರುತ್ತದೆ. ಉಳಿದದ್ದನ್ನು ನಕ್ಷೆಯಲ್ಲಿ ಓದುವ ಆಟದಲ್ಲಿ ಈ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. ಆದ್ದರಿಂದ ಬಂಡೆಯ ವಯಸ್ಸಿಗೆ ಹತ್ತಿರವಾದ ಅರ್ಧಾಯು ಇರುವ ಧಾತುವೇ ಬೇಕೆಂದು ವಿದ್ಯಾರ್ಥಿ ತೀರ್ಮಾನಿಸುತ್ತಾನೆ. ಪ್ರಯೋಗಾಲಯದಲ್ಲಿ ಅಳೆಯುವುದು ಉಳಿದ 99ನ್ನು ಮಾತ್ರವಲ್ಲ, ಹುಟ್ಟಿದ ಆ ಒಂದನ್ನೂ ಹೌದು. ಶೂನ್ಯದಿಂದ ಆರಂಭವಾಗಿ ಒಂದಕ್ಕೆ ಬಂದ ಸೀಸವನ್ನು, ಪರಮಾಣುಗಳನ್ನು ತೂಕಕ್ಕೆ ತಕ್ಕಂತೆ ಬೇರ್ಪಡಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಬಹಳ ನಿಖರವಾಗಿ ಎಣಿಸಬಲ್ಲದು. ಆದ್ದರಿಂದಲೇ 125 ಕೋಟಿ ವರ್ಷ ಅರ್ಧಾಯುವಿನ ಪೊಟ್ಯಾಸಿಯಂ-40 ಅನ್ನು ಬಳಸಿ, ಅದರಿಂದ ಹುಟ್ಟಿದ ಆರ್ಗಾನ್ ಅನಿಲವನ್ನು ಅಳೆದು, ಕೆಲವೇ ಲಕ್ಷ ವರ್ಷಗಳ ಹಿಂದಿನ ಜ್ವಾಲಾಮುಖಿ ಬೂದಿಯ ವಯಸ್ಸನ್ನೂ ಹೇಳಲು ಸಾಧ್ಯವಾಗಿದೆ.

ಇಂಗಾಲ-14ರ ವಿಷಯ ಇದಕ್ಕೆ ವ್ಯತಿರಿಕ್ತ. ಅದು ಒಡೆದು ನೈಟ್ರೋಜನ್-14 ಆಗುತ್ತದೆ. ಗಾಳಿಯ ತುಂಬ ಅದೇ ನೈಟ್ರೋಜನ್ ಇರುವುದರಿಂದ ಮರಿಯನ್ನು ಎಣಿಸಿ ಪ್ರಯೋಜನವಿಲ್ಲ. ಅಲ್ಲಿ ‘ಉಳಿದ ಶೇಕಡಾ’ ಎಂಬ ಅಳತೆಯೇ ಸರಿ, ಏಕೆಂದರೆ ಮೊದಲಿದ್ದ ಪ್ರಮಾಣ ವಾತಾವರಣದಿಂದ ತಿಳಿಯುತ್ತದೆ. ಗಾಳಿಯನ್ನೂ ಅಳೆದು ನೋಡುವ ಅವಕಾಶವನ್ನು ಸಿಮ್ಯುಲೇಶನ್ ಕೊಟ್ಟಿರುವುದು ಈ ಕಾರಣಕ್ಕೇ. ಇದು ಜಾಣ ಕ್ರಮ. ವಾತಾವರಣದ ಇಂಗಾಲ-14ರ ಪ್ರಮಾಣ ಕಾಲಕಾಲಕ್ಕೆ ಏರಿಳಿದಿದೆಯೆಂದೂ, ಮರದ ವಾರ್ಷಿಕ ಉಂಗುರಗಳನ್ನು ಎಣಿಸಿ ಅದನ್ನು ಸರಿದೂಗಿಸುತ್ತಾರೆಂದೂ, 1950–60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಅದು ಹೆಚ್ಚುಕಡಿಮೆ ಇಮ್ಮಡಿಯಾಗಿತ್ತೆಂದೂ ಶಿಕ್ಷಕರು ಒಂದು ಮಾತು ಸೇರಿಸಿದರೆ ಸಾಕು. ಕೊರತೆ ಇರುವುದು ಇಂಗಾಲದ ಮಾದರಿಯನ್ನೇ ಯುರೇನಿಯಂಗೂ ಹೊದಿಸಿರುವುದರಲ್ಲಿ. ಎರಡು ವಿಧಾನಗಳ ತರ್ಕ ಬೇರೆ ಬೇರೆ ಎಂಬುದು ಹೀಗೆ ಕಳೆದುಹೋಗುತ್ತದೆ.

ಸೀಸವೆಲ್ಲ ಯುರೇನಿಯಂನಿಂದಲೇ ಹುಟ್ಟಿದ್ದೆಂದು ನಂಬುವುದು ಹೇಗೆ? ಬಂಡೆಗಳಲ್ಲಿ ಸಾಮಾನ್ಯ ಸೀಸವೂ ಇರುತ್ತದಲ್ಲ? ಭೂಕಾಲಮಾಪನದ ನಿಜವಾದ ಸ್ವಾರಸ್ಯ ಆರಂಭವಾಗುವುದೇ ಇಲ್ಲಿಂದ. ಸಿಮ್ಯುಲೇಶನ್ ನಿಲ್ಲುವುದೂ ಇಲ್ಲೇ. ಪರದೆಯ ಮೇಲೆ ‘ಬಂಡೆ’ ಎಂಬುದೊಂದು ಇಡಿಯಾದ ವಸ್ತು. ಪ್ರಯೋಗಾಲಯದಲ್ಲಿ ಬಂಡೆಯನ್ನು ಪುಡಿಮಾಡಿ, ಭಾರವಾದ ದ್ರವಗಳಲ್ಲಿ ತೇಲಿಸಿ ಮುಳುಗಿಸಿ, ಅಯಸ್ಕಾಂತದಿಂದ ಬೇರ್ಪಡಿಸಿ, ಸೂಕ್ಷ್ಮದರ್ಶಕದಡಿ ಜಿರ್ಕಾನ್ ಎಂಬ ಖನಿಜದ ಹರಳುಗಳನ್ನು ಒಂದೊಂದಾಗಿ ಆರಿಸಿಕೊಳ್ಳುತ್ತಾರೆ. ಅವುಗಳ ಗಾತ್ರ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಜಿರ್ಕಾನ್ ಹರಳುಗಟ್ಟುವಾಗ ತನ್ನ ರಚನೆಯೊಳಗೆ ಯುರೇನಿಯಂಗೆ ಜಾಗ ಕೊಡುತ್ತದೆ, ಸೀಸವನ್ನು ಹೊರಗಿಡುತ್ತದೆ. ಆದ್ದರಿಂದ ಇಂದು ಅದರೊಳಗೆ ಕಾಣುವ ಸೀಸ ಹೆಚ್ಚುಕಡಿಮೆ ಪೂರ್ತಿಯಾಗಿ ಅಲ್ಲಿಯೇ ಹುಟ್ಟಿದ್ದು. ಆಸ್ಟ್ರೇಲಿಯದ ಜ್ಯಾಕ್ ಹಿಲ್ಸ್‌ನ ಜಿರ್ಕಾನ್ ಹರಳೊಂದಕ್ಕೆ ಸುಮಾರು 440 ಕೋಟಿ ವರ್ಷವೆಂದು ಹೇಳಲು ಸಾಧ್ಯವಾದದ್ದು ಈ ಗುಣದಿಂದ.

ಇನ್ನೂ ಒಂದು ಭದ್ರತೆ ಇದೆ. ಅದನ್ನು ಈ ಸಿಮ್ಯುಲೇಶನ್‌ನಲ್ಲಿ ಸೇರಿಸದಿರುವುದು ನನಗೆ ಬಹಳ ಖೇದ ತಂದಿದೆ, ಏಕೆಂದರೆ ಅದು ಸೇರಿಸಲು ಸುಲಭವಾದದ್ದೂ ನೋಡಲು ಸುಂದರವಾದದ್ದೂ ಹೌದು. ಪ್ರಕೃತಿಯಲ್ಲಿ ಯುರೇನಿಯಂ-238ರ ಜೊತೆಗೆ ಯುರೇನಿಯಂ-235 ಯಾವಾಗಲೂ ಇರುತ್ತದೆ. ಅದರ ಅರ್ಧಾಯು ಸುಮಾರು 70.4 ಕೋಟಿ ವರ್ಷ, ಅದು ಕೊನೆಗೆ ಆಗುವುದು ಸೀಸ-207. ಒಂದೇ ಹರಳಿನಲ್ಲಿ ಬೇರೆ ಬೇರೆ ವೇಗದ ಎರಡು ಗಡಿಯಾರಗಳು ಒಟ್ಟಿಗೆ ಓಡುತ್ತಿರುತ್ತವೆ ಎಂದಾಯಿತು. ಉದಾಹರಣೆಗೆ ನಮ್ಮ ರಾಮನಗರದ ಬೆಟ್ಟಗಳ ಶಿಲೆಯನ್ನು ತೆಗೆದುಕೊಳ್ಳಬಹುದು. ಆ ಊರಿನ ಹಳೆಯ ಹೆಸರಿನಿಂದಲೇ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಈ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಅಷ್ಟು ಕಾಲದಲ್ಲಿ ಯುರೇನಿಯಂ-238ರ ಶೇಕಡಾ 68ರಷ್ಟು ಉಳಿದಿರುತ್ತದೆ, ಯುರೇನಿಯಂ-235ರಲ್ಲಿ ಉಳಿಯುವುದು ಶೇಕಡಾ 8.5ರಷ್ಟು ಮಾತ್ರ. ಎರಡೂ ಲೆಕ್ಕಗಳು ಒಂದೇ ವಯಸ್ಸನ್ನು ಕೊಟ್ಟರೆ ಹರಳಿನ ಬಾಗಿಲು ಮಧ್ಯೆ ಎಂದೂ ತೆರೆದಿಲ್ಲವೆಂದು ಧೈರ್ಯವಾಗಿ ಹೇಳಬಹುದು. ನಡುವೆ ಎಂದೋ ಕಾದು ಸೀಸ ಸೋರಿಹೋಗಿದ್ದರೆ ಎರಡು ವಯಸ್ಸುಗಳು ತಾಳೆಯಾಗುವುದಿಲ್ಲ. ಆ ತಾಳೆಯಾಗದಿರುವಿಕೆಯಿಂದಲೇ ಹರಳು ಹುಟ್ಟಿದ ಕಾಲವನ್ನೂ, ಅನುಕೂಲಕರ ಸಂದರ್ಭಗಳಲ್ಲಿ ಸೋರಿಕೆಯಾದ ಕಾಲವನ್ನೂ ಲೆಕ್ಕ ಹಾಕುವ ‘ಕಾಂಕಾರ್ಡಿಯಾ’ ನಕ್ಷೆಯ ವಿಧಾನವನ್ನು ವಿಜ್ಞಾನಿ ವೆದೆರಿಲ್ 1956ರಲ್ಲಿ ಮುಂದಿಟ್ಟರು. ಅದೇ ವರ್ಷ ಭೂರಸಾಯನವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಗಳ ಸೀಸದ ಅನುಪಾತಗಳಿಂದ ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷವೆಂದು ಪ್ರಕಟಿಸಿದರು. ಕಾಲಮಾಪನದ ಅಂಕಿಗಳನ್ನು ಏಕೆ ನಂಬಬೇಕೆಂದು ಕೇಳುವ ವಿದ್ಯಾರ್ಥಿಗೆ ಕೊಡಬೇಕಾದ ಉತ್ತರ ಈ ಪರಸ್ಪರ ತಾಳೆಯಲ್ಲಿದೆ. ಸರಿಯುತ್ತರಕ್ಕೆ ಸಿಮ್ಯುಲೇಶನ್‌ ಕೊಡುವ ಹಸಿರು ಗುರುತು ಆ ಉತ್ತರವಲ್ಲ.

ಹಸಿರು ಗುರುತಿನ ಮಾತು ಬಂದದ್ದರಿಂದ ನಾಲ್ಕನೆಯ ಭಾಗಕ್ಕೆ ಬರುತ್ತೇನೆ. ಇಲ್ಲಿ ನೆಲದ ಮೇಲೆ ಮರ, ಮನೆ, ಮೂಳೆಗಳೂ ನೆಲದಡಿಯ ಪದರಗಳಲ್ಲಿ ಬಂಡೆಗಳು, ಮೀನಿನ ಪಳೆಯುಳಿಕೆ, ಡೈನೋಸಾರ್ ತಲೆಬುರುಡೆ, ಟ್ರೈಲೋಬೈಟ್ ಎಂಬ ಅಳಿದುಹೋದ ಕಡಲಜೀವಿ ಮುಂತಾದುವೂ ಇವೆ. ಒಂದೊಂದಕ್ಕೂ ಉಪಕರಣವನ್ನು ತಾಗಿಸಿ, ಶೇಕಡಾ ಓದಿಕೊಂಡು, ಮೇಲಿನ ವಕ್ರರೇಖೆಯ ಮೇಲೆ ಗೆರೆಯನ್ನು ಸರಿಸಿ ಹೊಂದಿಸಿ, ವಯಸ್ಸನ್ನು ಬರೆದು ಪರೀಕ್ಷಿಸಬೇಕು. ಅಂದಾಜು ಹತ್ತಿರವಿದ್ದರೆ ಒಪ್ಪಿಗೆ ಸಿಗುತ್ತದೆ. ಹಳೆಯ ಬಂಡೆಗೆ ಇಂಗಾಲ-14ರ ಉಪಕರಣ ಹಿಡಿದು ಏನೂ ಸಿಗದೆ ಹೋದಾಗ, ಇಂಗಾಲ ವಿಧಾನದ ಎಲ್ಲೆ ಸುಮಾರು 50,000 ವರ್ಷ ಏಕೆಂಬುದು ಚರ್ಚೆಗೆ ತಾನಾಗಿ ಬರುತ್ತದೆ. ಅಷ್ಟು ಹೊತ್ತಿಗೆ ಸುಮಾರು ಎಂಟೂಮುಕ್ಕಾಲು ಅರ್ಧಾಯುಗಳು ಕಳೆದು, ಮೊದಲಿದ್ದುದರ ಸಾವಿರದಲ್ಲಿ ಎರಡೋ ಮೂರೋ ಪಾಲು ಮಾತ್ರ ಉಳಿದಿರುತ್ತದೆ. ಡೈನೋಸಾರ್ ಮೂಳೆಗೆ ಇಂಗಾಲ ವಿಧಾನವನ್ನು ಬಳಸುತ್ತಾರೆಂಬ ವ್ಯಾಪಕವಾದ ತಪ್ಪು ಕಲ್ಪನೆಯನ್ನು ತೊಡೆಯಲು ಇದಕ್ಕಿಂತ ಉತ್ತಮ ಅಭ್ಯಾಸ ಸಿಗುವುದು ಕಷ್ಟ.

ಆದರೆ ಆ ತಪ್ಪನ್ನು ತೊಡೆದ ಜಾಗದಲ್ಲಿ ಈ ಆಟ ಇನ್ನೊಂದನ್ನು ನೆಡುತ್ತದೆ. ಇಂಗಾಲವೂ ಯುರೇನಿಯಂ ಕೂಡ ಅನುಕೂಲವಾಗದ ವಸ್ತುಗಳಿಗಾಗಿ, ಅರ್ಧಾಯುವನ್ನು ಬಳಕೆದಾರನೇ ಆರಿಸಿಕೊಳ್ಳಬಹುದಾದ ಕಲ್ಪಿತ ಧಾತುವೊಂದನ್ನು ಇಲ್ಲಿ ಒದಗಿಸಿದ್ದಾರೆ. ಗಣಿತದ ಅಭ್ಯಾಸವಾಗಿ ಅದರಲ್ಲಿ ದೋಷವಿಲ್ಲ. ಪ್ರಕೃತಿಯ ಚಿತ್ರವಾಗಿ ಅದು ದಾರಿ ತಪ್ಪಿಸುತ್ತದೆ. ಭೂಮಿ ರೂಪುಗೊಂಡಾಗ ಹತ್ತು ಕೋಟಿ ವರ್ಷ ಅರ್ಧಾಯುವಿನ ಧಾತುವೊಂದು ಅದರಲ್ಲಿ ಇದ್ದಿದ್ದರೂ, ಇಂದಿಗೆ 45 ಅರ್ಧಾಯುಗಳು ಕಳೆದಿರುತ್ತಿದ್ದವು. 45 ಸಲ ಅರ್ಧವಾದ ಮೇಲೆ ಉಳಿಯುವುದು ಮೂವತ್ತು ಲಕ್ಷ ಕೋಟಿಗೂ ಹೆಚ್ಚು ಪರಮಾಣುಗಳಲ್ಲಿ ಒಂದು. ಅಲ್ಪ ಅರ್ಧಾಯುವಿನ ಧಾತುಗಳು, ಹೊಸದಾಗಿ ಹುಟ್ಟುತ್ತಲೇ ಇರುವವನ್ನು ಬಿಟ್ಟರೆ, ಇಂದು ಬಂಡೆಗಳಲ್ಲಿ ಅಳತೆಗೆ ಸಿಗುವಷ್ಟು ಇಲ್ಲ. ಉಳಿದಿರುವುದು ಬಹು ದೀರ್ಘ ಅರ್ಧಾಯುವಿನವು ಮಾತ್ರ. ಈ ಗೈರುಹಾಜರಿಯೇ ಭೂಮಿ ಬಹಳ ಹಳೆಯದೆಂಬುದಕ್ಕೆ ಒಂದು ಸಾಕ್ಷಿ. ಅಂಥ ಅಮೂಲ್ಯವಾದ ಸಾಕ್ಷಿಯನ್ನು ವಿದ್ಯಾರ್ಥಿಗೆ ತೋರಿಸುವ ಬದಲು, ಬೇಕಾದ ಅರ್ಧಾಯು ಬೇಕಾದಾಗ ಸಿಗುತ್ತದೆಂಬ ಭಾವನೆಯನ್ನು ಆಟ ಮೂಡಿಸುತ್ತದೆ.

ಪಳೆಯುಳಿಕೆಗೇ ಉಪಕರಣ ತಾಗಿಸಿ ವಯಸ್ಸು ಓದುವುದೂ ವಾಸ್ತವದಿಂದ ದೂರ. ಪಳೆಯುಳಿಕೆಗಳು ಸಿಗುವುದು ಹೆಚ್ಚಾಗಿ ಮರಳು, ಕೆಸರುಗಳು ಪದರಪದರವಾಗಿ ಸೇರಿ ಗಟ್ಟಿಯಾದ ಶಿಲೆಗಳಲ್ಲಿ. ಮರಳಿನ ಕಣಗಳಲ್ಲಿರುವ ಜಿರ್ಕಾನ್ ಹೇಳುವುದು ಆ ಕಣ ಯಾವ ಹಳೆಯ ಬಂಡೆಯಿಂದ ಕಳಚಿ ಬಂತೋ ಅದರ ವಯಸ್ಸನ್ನು, ಮರಳು ಅಲ್ಲಿ ಬಂದು ನೆಲೆಸಿದ ಕಾಲವನ್ನಲ್ಲ. ನಾನು ಮೇಲೆ ಹೆಸರಿಸಿದ ಜ್ಯಾಕ್ ಹಿಲ್ಸ್‌ನ ಹರಳಿನ ಕಥೆಯೂ ಇದೇ. ಅದು ಸಿಕ್ಕಿದ ಶಿಲೆ ಆ ಹರಳಿಗಿಂತ ನೂರು ಕೋಟಿಗೂ ಹೆಚ್ಚು ವರ್ಷ ಕಿರಿಯದು. ಆದ್ದರಿಂದ ಭೂವಿಜ್ಞಾನಿಗಳು ಪಳೆಯುಳಿಕೆಯ ಕೆಳಗಿನ ಮತ್ತು ಮೇಲಿನ ಪದರಗಳಲ್ಲಿ ಜ್ವಾಲಾಮುಖಿ ಬೂದಿಗಾಗಿ ಹುಡುಕುತ್ತಾರೆ. ಕೆಳಗಿನ ಬೂದಿಗಿಂತ ಪಳೆಯುಳಿಕೆ ಕಿರಿಯದು, ಮೇಲಿನ ಬೂದಿಗಿಂತ ಹಿರಿಯದು. ಅಮೆರಿಕದ ಮೊಂಟಾನಾದಲ್ಲಿ ಡೈನೋಸಾರ್ ಯುಗದ ಅಂತ್ಯವನ್ನು ಗುರುತಿಸುವ ಪದರದ ಕಾಲವನ್ನು ಹೀಗೆಯೇ, ಅದಕ್ಕೆ ಹೊಂದಿಕೊಂಡ ಬೂದಿಯ ಹರಳುಗಳಿಂದ ಆರ್ಗಾನ್ ವಿಧಾನದಲ್ಲಿ ನಿರ್ಧರಿಸಿದ್ದಾರೆ.

ಕ್ಷಯದ ದರ ಕಾಲಾಂತರದಲ್ಲಿ ಬದಲಾಗದೆ ಇದೆಯೆಂಬ ಮೂಲ ನಂಬಿಕೆಯ ಬಗ್ಗೆ ಸಿಮ್ಯುಲೇಶನ್ ಏನೂ ಹೇಳುವುದಿಲ್ಲ. ಅದು ಅದರ ವ್ಯಾಪ್ತಿಗೆ ಮೀರಿದ್ದೆಂದು ಒಪ್ಪಬಹುದು. ಶಿಕ್ಷಕರ ಕೈಯಲ್ಲಿ ಮಾತ್ರ ಉತ್ತರ ಸಿದ್ಧವಿರಬೇಕು. 1987ರಲ್ಲಿ ನೆರೆಯ ಗ್ಯಾಲಕ್ಸಿಯಲ್ಲಿ ಕಂಡ ಸೂಪರ್‌ನೋವಾದ (ಸಿಡಿದ ನಕ್ಷತ್ರದ) ಬೆಳಕು ಮಂಕಾಗುತ್ತಾ ಹೋದ ಗತಿ, ನಮ್ಮ ಪ್ರಯೋಗಾಲಯಗಳಲ್ಲಿ ಅಳೆದ ಕೋಬಾಲ್ಟ್-56ರ ಸುಮಾರು 77 ದಿನಗಳ ಅರ್ಧಾಯುವಿಗೆ ಹೊಂದಿತ್ತು. ಆ ಬೆಳಕು ಹೊರಟದ್ದು ಒಂದೂವರೆ ಲಕ್ಷಕ್ಕೂ ಹೆಚ್ಚು ವರ್ಷಗಳ ಹಿಂದೆ. ಆಫ್ರಿಕಾದ ಗ್ಯಾಬೊನ್ ದೇಶದ ಓಕ್ಲೊದಲ್ಲಿ ಸುಮಾರು 200 ಕೋಟಿ ವರ್ಷಗಳ ಹಿಂದೆ ತಾನಾಗಿ ಹೊತ್ತಿಕೊಂಡು ಉರಿದ ನೈಸರ್ಗಿಕ ಪರಮಾಣು ಸ್ಥಾವರದ ಅವಶೇಷಗಳೂ ಪರಮಾಣು ಬೀಜದ ನಿಯಮಗಳು ಅಂದಿಗೂ ಇಂದಿನಂತೆಯೇ ಇದ್ದವೆಂಬುದನ್ನೇ ಸೂಚಿಸುತ್ತವೆ. ಎಲೆಕ್ಟ್ರಾನ್ ಹಿಡಿದುಕೊಂಡು ಕ್ಷಯಿಸುವ ಬೆರಿಲಿಯಂ-7ರಂಥ ಕೆಲವು ಧಾತುಗಳಲ್ಲಿ ರಾಸಾಯನಿಕ ಪರಿಸರಕ್ಕೆ ತಕ್ಕಂತೆ ದರದಲ್ಲಿ ಅತ್ಯಲ್ಪ ವ್ಯತ್ಯಾಸ ಕಂಡಿದೆ. ಬಂಡೆಗಳ ವಯಸ್ಸಿನ ಲೆಕ್ಕವನ್ನು ಅಲುಗಾಡಿಸುವಷ್ಟು ಅದಿಲ್ಲ.

ಕನ್ನಡ ಮಾಧ್ಯಮದ ಪ್ರೌಢಶಾಲೆಯ ಮೇಲಿನ ತರಗತಿಗಳಿಗೂ ಪದವಿಪೂರ್ವ ಹಂತದಲ್ಲಿ ಭೂಗರ್ಭಶಾಸ್ತ್ರ ಅಥವಾ ಭೌತಶಾಸ್ತ್ರ ಓದುವವರಿಗೂ ನಾನು ಇದನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಮೊದಲ ಮೂರು ಭಾಗಗಳಿಗೆ ಸಾಕಷ್ಟು ಸಮಯ ಕೊಡಬೇಕು. ಮೂರನೆಯದು ಮುಗಿದೊಡನೆ ಕಂಪ್ಯೂಟರಿನಿಂದ ಎದ್ದು ಕಪ್ಪುಹಲಗೆಗೆ ಬಂದು, ಇಂದಿನ ಯುರೇನಿಯಂ ಮತ್ತು ಇಂದಿನ ಸೀಸದ ಅಂಕಿಗಳನ್ನಷ್ಟೇ ಬರೆದು, ಮೊದಲಿದ್ದ ಪ್ರಮಾಣವನ್ನು ವಿದ್ಯಾರ್ಥಿಗಳಿಂದಲೇ ಕಂಡುಹಿಡಿಸಬೇಕು. ಬೆಂಗಳೂರಿನವರಿಗೆ ಲಾಲ್‌ಬಾಗ್‌ನ ಗುಡ್ಡವೇ ಉದಾಹರಣೆಯಾದೀತು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿರುವ ಆ ‘ನೈಸ್’ ಎಂಬ ರೂಪಾಂತರ ಶಿಲೆಗೆ ಸುಮಾರು 300 ಕೋಟಿ ವರ್ಷವೆನ್ನುತ್ತಾರೆ. ಅಷ್ಟು ವಯಸ್ಸಿನ ಜಿರ್ಕಾನ್ ಹರಳಿನಲ್ಲಿ ನೂರು ಯುರೇನಿಯಂ-238 ಪರಮಾಣುಗಳ ಪೈಕಿ ಸುಮಾರು 63 ಉಳಿದು 37 ಸೀಸವಾಗಿರುತ್ತವೆ. ಆಮೇಲೆ ನಾಲ್ಕನೆಯ ಭಾಗಕ್ಕೆ ಹೋಗಲಿ. ಅಲ್ಲಿ ಮಾತ್ರ ಒಂದು ನಿಯಮ ಹಾಕಬೇಕು: ಪಳೆಯುಳಿಕೆಗಳನ್ನು ಮುಟ್ಟದೆ, ಅವುಗಳ ಅಕ್ಕಪಕ್ಕದ, ಮೇಲಿನ ಮತ್ತು ಕೆಳಗಿನ ಪದರಗಳ ಬಂಡೆಗಳನ್ನಷ್ಟೇ ಯುರೇನಿಯಂನಿಂದ ಅಳೆದು, ಪ್ರತಿ ಪಳೆಯುಳಿಕೆಗೂ ‘ಇಷ್ಟಕ್ಕಿಂತ ಹಳೆಯದು, ಇಷ್ಟಕ್ಕಿಂತ ಹೊಸದು’ ಎಂಬ ಎರಡು ಅಂಕಿಗಳನ್ನು ಹಾಳೆಯಲ್ಲಿ ಬರೆದು ತರಲು ಹೇಳಬೇಕು.